ಕಪ್ಪು ಕಾಯಿಗಳಲ್ಲಿ ಬುಡಾಪೆಸ್ಟ್: ನಾನು ಆಡಿ ಕಲಿತದ್ದು

ಚದುರಂಗದಲ್ಲಿ ಕಪ್ಪು ಕಾಯಿ ಬಂದರೆ ನನ್ನ ಎದೆ ಕುಸಿಯುತ್ತಿತ್ತು. ಅದರಲ್ಲೂ ಎದುರಾಳಿ ಮಂತ್ರಿಯ ಮುಂದಿನ ಕಾಲಾಳನ್ನು ಡಿ4ಕ್ಕೆ (ಮಣೆಯ ಉದ್ದಸಾಲುಗಳಿಗೆ ಎಯಿಂದ ಎಚ್, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8 ಎಂದು ಹೆಸರು; ಬರೀ ಮನೆಯ ಹೆಸರು ಹೇಳಿದರೆ ಕಾಲಾಳಿನ ನಡೆ) ಇಟ್ಟನೆಂದರೆ ಆಟ ಮುಗಿಯುವವರೆಗೂ ಗೋಡೆಗೆ ಒರಗಿ ಏಟು ತಡೆದುಕೊಳ್ಳುವುದೇ ನನ್ನ ಪಾಡು. ಮಂಡ್ಯದಲ್ಲಿ ಭಾನುವಾರಗಳಂದು ನಾವು ಆಡುವುದು ನಿವೃತ್ತ ಮೇಷ್ಟ್ರೊಬ್ಬರ ಮನೆಯ ಜಗುಲಿಯಲ್ಲಿ. ಅವರು ಡಿ4 ಬಿಟ್ಟು ಬೇರೆ ಆಡಿದ್ದನ್ನು ನಾನು ಕಂಡಿಲ್ಲ.

ಒಂದು ಭಾನುವಾರ ಅವರ ಡಿ4ಕ್ಕೆ ಕುದುರೆಯನ್ನು ಎಫ್6ಕ್ಕೆ ತಂದೆ. ಅವರು ಸಿ4 ಆಡಿದರು. ನಾನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಇ5ರಲ್ಲಿ ನಿಲ್ಲಿಸಿದೆ.

"ಏನಪ್ಪಾ, ಪುಕ್ಕಟೆ ಕೊಡುತ್ತಿದ್ದೀಯಾ?" ಎಂದರು.

"ತೆಗೆದುಕೊಳ್ಳಿ ಮೇಷ್ಟ್ರೇ."

ತೆಗೆದುಕೊಂಡರು. ನನ್ನ ಕುದುರೆ ಜಿ4ಕ್ಕೆ ನೆಗೆಯಿತು. ಇದೇ ಬುಡಾಪೆಸ್ಟ್ ಗ್ಯಾಂಬಿಟ್. ಗ್ಯಾಂಬಿಟ್ ಎಂದರೆ ಒಳ್ಳೆಯ ಸ್ಥಾನಕ್ಕಾಗಿ ಆರಂಭದಲ್ಲೇ ಕಾಲಾಳನ್ನು ಬಿಟ್ಟುಕೊಡುವ ಆಟ. 1918ರಲ್ಲಿ ಬರ್ಲಿನ್‌ನಲ್ಲಿ ಮಿಲಾನ್ ವಿಡ್ಮಾರ್ ಇದನ್ನೇ ಆಡಿ ಅಕಿಬಾ ರೂಬಿನ್‌ಸ್ಟೈನ್ ಅವರಂಥ ಆ ಕಾಲದ ಅಗ್ರ ಆಟಗಾರನನ್ನು 25 ನಡೆಗಳೊಳಗೆ ಸೋಲಿಸಿದರು. ವಿಡ್ಮಾರ್ ಟ್ರಾನ್ಸ್‌ಫಾರ್ಮರ್‌ಗಳ ಬಗ್ಗೆ ಪುಸ್ತಕ ಬರೆದ ವಿದ್ಯುತ್ ಎಂಜಿನಿಯರ್. ನನ್ನದೂ ವಿದ್ಯುತ್ ಕಚೇರಿಯ ಕೆಲಸ. ಆ ಒಂದು ಸಂಬಂಧವೇ ನನ್ನನ್ನು ಈ ಆರಂಭದ ಹತ್ತಿರಕ್ಕೆ ಎಳೆದದ್ದು.

ಮೊದಲು ನನಗೆ ಹುಚ್ಚು ಹಿಡಿಸಿದ್ದು ಇದರೊಳಗಿನ ಬಲೆ. ಬಿಳಿ ಕಾಯಿಯವರು ಒಂಟೆಯನ್ನು ಎಫ್4ಕ್ಕೆ ತಂದು ಇ5ರ ಕಾಲಾಳನ್ನು ಕಾಯುತ್ತಾರೆ. ನನ್ನ ಇನ್ನೊಂದು ಕುದುರೆ ಸಿ6ಕ್ಕೆ ಬರುತ್ತದೆ, ಅವರದು ಎಫ್3ಕ್ಕೆ. ನನ್ನ ಒಂಟೆ ಬಿ4ರಿಂದ ಚೆಕ್ ಕೊಡುತ್ತದೆ. ಅವರು ಎರಡನೆಯ ಕುದುರೆಯನ್ನು ಡಿ2ರಲ್ಲಿ ಅಡ್ಡ ಇಟ್ಟರೆ ನನ್ನ ಮಂತ್ರಿ ಇ7ಕ್ಕೆ. ಅವರು ಎ3 ಆಡಿ ಒಂಟೆಯನ್ನು ಗದರಿಸುತ್ತಾರೆ. ನಾನು ಒಂಟೆಯ ಕಡೆ ನೋಡದೆ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆಯುತ್ತೇನೆ. ಆಸೆಬಿದ್ದು ಒಂಟೆಯನ್ನು ತಿಂದರೋ, ಕುದುರೆ ಡಿ3ಕ್ಕೆ, ಎಂಟನೆಯ ನಡೆಯಲ್ಲಿ ಮಾತ್, ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ! ಇ2ರ ಕಾಲಾಳು ಕುದುರೆಯನ್ನು ಹೊಡೆಯುವಂತಿಲ್ಲ, ಹೊಡೆದರೆ ರಾಜ ನನ್ನ ಮಂತ್ರಿಯ ಎದುರು ಬಯಲಾಗುತ್ತಾನೆ. ಒಂದೇ ಕುದುರೆ ನಾಲ್ಕು ನೆಗೆತದಲ್ಲಿ ಕೆಲಸ ಮುಗಿಸಿರುತ್ತದೆ. ಕುದುರೆ 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಸೀಮೆಯವನಾದ ನನಗೆ ಈ ನಾಲ್ಕು ನೆಗೆತ ತುಂಬ ಪ್ರಿಯ.

ಈ ಬಲೆಯನ್ನೇ ನಂಬಿಕೊಂಡು ಮೈಸೂರಿನ ಒಂದು ಪಂದ್ಯಾವಳಿಗೆ ಹೋದೆ. ರೈಲಿನಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ ದಾಟುವವರೆಗೂ ಪುಟ್ಟ ಮಣೆಯ ಮೇಲೆ ಅದನ್ನೇ ತಿರುವಿ ಹಾಕಿದ್ದೆ. ಆದರೆ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಎಂ.ಎಸ್. ತೇಜ್‌ಕುಮಾರ್ ಅವರ ಊರು ಅದು. ಅಲ್ಲಿನ ಮಕ್ಕಳು ಓದಿಕೊಂಡೇ ಬಂದಿರುತ್ತಾರೆ. ಎದುರಿಗೆ ಕುಳಿತ ಹನ್ನೆರಡರ ಹುಡುಗಿ ಎ3 ಆಡಲೇ ಇಲ್ಲ. ಶಾಂತವಾಗಿ ಇ3 ಆಡಿದಳು. ನನಗೆ ಮುಂದೇನೂ ತೋಚಲಿಲ್ಲ. ಕಾಲಾಳು ವಾಪಸ್ಸು ಬಂತು, ನಿಜ. ಆದರೆ ಬಿ4ರ ಒಂಟೆಯನ್ನು ಕುದುರೆಗೆ ಕೊಟ್ಟು ಬಿಡಬೇಕಾಯಿತು. ಅವಳ ಜೋಡಿ ಒಂಟೆಗಳು ಮಣೆಯ ಎರಡೂ ಕರ್ಣಗಳಲ್ಲಿ ಹರಿದಾಡಿ ನನ್ನನ್ನು ಮುಗಿಸಿದವು.

ಅಂದು ರಾತ್ರಿ ಆ ಆಟವನ್ನು ಮತ್ತೆ ಇಟ್ಟು ನೋಡಿದಾಗ ಹೊಳೆಯಿತು: ಈ ಗ್ಯಾಂಬಿಟ್‌ನಲ್ಲಿ ಕಾಲಾಳು ಬಹುಮಟ್ಟಿಗೆ ಸಾಲವಷ್ಟೇ, ತಿರುಗಿ ಬಂದೇ ಬರುತ್ತದೆ. ಬಿಳಿಯವರು ಅದನ್ನು ಕಾಯುವುದರಲ್ಲಿ ಕಳೆಯುವ ಎರಡು ಮೂರು ನಡೆಗಳಲ್ಲಿ ನನ್ನ ಕಾಯಿಗಳು ಎಲ್ಲಿ ನಿಲ್ಲುತ್ತವೆ ಎಂಬುದೇ ಮುಖ್ಯ. ಅದನ್ನು ಬಿಟ್ಟು ನಾನು ಮಾತ್ ಒಂದನ್ನೇ ಹುಡುಕುತ್ತಿದ್ದೆ.

ಆಮೇಲೆ ಕಲಿತದ್ದು ಆನೆಯ ದಾರಿ. ಬಿಳಿಯವರು ಒಂಟೆಯ ಬದಲು ಕುದುರೆಯನ್ನು ಎಫ್3ಕ್ಕೆ ತಂದರೆ ನನ್ನ ಒಂಟೆ ಸಿ5ಕ್ಕೆ ಬರುತ್ತದೆ, ಅವರು ಇ3 ಆಡುತ್ತಾರೆ. ಇ5ರ ಕಾಲಾಳನ್ನು ತೆಗೆದುಕೊಂಡು, ಕ್ಯಾಸ್ಲಿಂಗ್ ಮಾಡಿ (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸಿ ರಾಜನನ್ನು ಭದ್ರಮಾಡಿ), ಎ7ರ ಕಾಲಾಳನ್ನು ಎ5ಕ್ಕೆ ಸರಿಸುತ್ತೇನೆ. ಈ ಸಣ್ಣ ನಡೆಗೆ ಎರಡು ಲಾಭ: ಒಂಟೆಗೆ ಎ7ರಲ್ಲಿ ಹಿಂದೆ ಸರಿಯಲು ಜಾಗ, ಆನೆಗೆ ಎ6ಕ್ಕೆ ಏರಲು ದಾರಿ. ಅಲ್ಲಿಂದ ಆನೆ ಆರನೆಯ ಸಾಲಿನುದ್ದಕ್ಕೂ ಓಡಿ ಎಚ್6ಕ್ಕೆ, ಬಿಳಿಯ ರಾಜನ ಮನೆಬಾಗಿಲಿಗೆ. ಅದಕ್ಕಾಗಿ ಡಿ7ರ ಕಾಲಾಳನ್ನು ಅಲ್ಲಿಯವರೆಗೂ ಮುಟ್ಟಬಾರದು. ಡಿ6 ಆಡಿದ ಕ್ಷಣ ಸಾಲು ಮುಚ್ಚಿಹೋಗುತ್ತದೆ. ನಾನು ಈ ತಪ್ಪನ್ನು ಎಷ್ಟೋ ಆಟಗಳಲ್ಲಿ ಮಾಡಿದೆ, ಕೈ ತಾನಾಗಿಯೇ ಡಿ6ರತ್ತ ಹೋಗುತ್ತಿತ್ತು.

ಮೇಷ್ಟ್ರ ಎದುರು ಇದು ಕೈಗೂಡಿದ್ದು ಕಳೆದ ಮಳೆಗಾಲದಲ್ಲಿ. ಎಫ್3ರ ಅವರ ಕುದುರೆ ರಾಜನ ಮುಖ್ಯ ಕಾವಲುಗಾರ. ಮೊದಲು ಅದನ್ನು ನನ್ನ ಕುದುರೆಗೆ ಬದಲಿಸಿಕೊಂಡೆ. ಆನೆ ಎಚ್6ಕ್ಕೆ ಬಂದ ಮೇಲೆ ಮಂತ್ರಿ ಎಚ್4ಕ್ಕೆ. ಅವರು ಎಚ್3 ಆಡಿ ತಡೆದರು. ಈಗ ಡಿ6, ಸಿ8ರ ಒಂಟೆಗೆ ಬಾಗಿಲು ತೆರೆಯಿತು. ಅದು ಮುಂದಿನ ನಡೆಯಲ್ಲೇ ಎಚ್3ರ ಕಾಲಾಳಿನ ಮೇಲೆ ಬಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಒಂಟೆಯನ್ನು ತೆಗೆದುಕೊಂಡರು, ಮೂರು ನಡೆಯ ಬಳಿಕ ಸೋಲೊಪ್ಪಿ ರಾಜನನ್ನು ಮಲಗಿಸಿದರು.

"ಕಾಫಿ ಕುಡಿ, ಇನ್ನೊಂದು ಆಟ," ಎಂದರು.

ಆ ಇನ್ನೊಂದು ಆಟದಲ್ಲಿ ಅವರು ಇ5ರ ಕಾಲಾಳನ್ನು ಕಾಯುವ ಗೋಜಿಗೇ ಹೋಗದೆ ನಾಲ್ಕನೆಯ ನಡೆಯಲ್ಲಿ ಇ4 ಆಡಿದರು, ನಾನು ಕಾಲಾಳನ್ನು ಹೊಡೆದೊಡನೆ ಎಫ್4 ನೂಕಿ ಕುದುರೆಯನ್ನು ಅಟ್ಟಿದರು. ಮಣೆಯ ನಡುವೆಲ್ಲ ಅವರದೇ ಕಾಲಾಳುಗಳು. ಆ ಆಟ ಸೋತೆ. ಕುದುರೆ ಸಿ6ಕ್ಕೆ ಹಿಂದೆ ಬರುವುದು ಮೇಲೋ ಜಿ6ಕ್ಕೆ ಹೋಗುವುದು ಮೇಲೋ ಎಂದು ಈಗ ದಿನವೂ ಊಟದ ನಂತರ ಮಣೆ ಇಟ್ಟುಕೊಂಡು ಕೂರುತ್ತೇನೆ. ಈ ಭಾನುವಾರ ಜಿ6 ಆಡಿ ನೋಡುವವನಿದ್ದೇನೆ.