ಎಲ್ಲಿ ಹೋದರೂ ಸೋಡಾ: ನಾನು ಮಾಡಿಕೊಳ್ಳುವ ರೀತಿ

ಪ್ರಯಾಣದಲ್ಲಿ ಸೋಡಾ ಮಾಡಿಕೊಳ್ಳೋಕೆ ಬೇಕಾಗಿರೋದು ಇಷ್ಟೇ: ಒತ್ತಡ ತಡೆಯುವ ಬಾಟಲಿ, ಬೆರಳುದ್ದದ ಗ್ಯಾಸ್ ಕಾರ್ಟ್ರಿಡ್ಜ್ (ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಸ್ಟೀಲ್ ಕೊಳವೆ), ತಣ್ಣನೆಯ ನೀರು. ಬಾಟಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ನೀರು ಎಷ್ಟು ತಣ್ಣಗಿದೆ ಅನ್ನೋದೇ ಮುಖ್ಯ.

ಯಾಕಂದ್ರೆ ಬೆಚ್ಚಗಿನ ನೀರಲ್ಲಿ ಗ್ಯಾಸ್ ನಿಲ್ಲೋದಿಲ್ಲ. ಹೊರಗಿನ ಗಾಳಿಯಷ್ಟೇ ಒತ್ತಡದಲ್ಲಿ, 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. 20 ಡಿಗ್ರಿಗೆ ಬಂದರೆ ಒಂದು ಲೀಟರೂ ಹಿಡಿಯೋದಿಲ್ಲ. ಹಾಗಾಗಿ ಫ್ಲಾಸ್ಕಿನಲ್ಲಿ ಐಸ್ ಹಾಕಿದ ನೀರು ಒಯ್ಯುತ್ತೇನೆ. ಮೊದಲು ಸ್ವಲ್ಪ ನೀರು ಹಾಕಿ ಬಾಟಲಿಯನ್ನೂ ತಣ್ಣಗೆ ಮಾಡಿ, ಆಮೇಲೆ ಗೆರೆಯವರೆಗೆ ತುಂಬುತ್ತೇನೆ. ಗೆರೆ ದಾಟಬಾರದು, ಮೇಲೆ ಗ್ಯಾಸ್‌ಗೆ ಜಾಗ ಬೇಕಲ್ವಾ?

ಮುಚ್ಚಳ ಬಿಗಿ ಮಾಡಿ ಕಾರ್ಟ್ರಿಡ್ಜ್ ತಿರುಗಿಸಿದರೆ 'ಚುಸ್' ಅಂತ ಸದ್ದು. ಒಳಗೆ ದ್ರವವಾಗಿರುವ 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಆಗುವಾಗ ಲೋಹದ ಶಾಖ ಎಳೆದುಕೊಳ್ಳುತ್ತದೆ. ನೋಡನೋಡುತ್ತಲೇ ಕಾರ್ಟ್ರಿಡ್ಜ್ ಮೇಲೆ ಬಿಳಿ ಮಂಜು ಕೂರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಟ್ಟಂತಾಗುತ್ತದೆ. ಪೂರ್ತಿ ಖಾಲಿಯಾಗುವ ತನಕ ಬಿಚ್ಚಲೂಬೇಡಿ.

ಈಗ ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಗ್ಯಾಸ್ ಮೇಲೆ ಸುಮ್ನೆ ಕೂತಿದ್ದರೆ ನೀರಿಗೆ ಇಳಿಯೋದು ಬಹಳ ನಿಧಾನ. ಕುಲುಕಿದಾಗ ಎರಡೂ ಚೆನ್ನಾಗಿ ಬೆರೆಯುತ್ತವೆ. ಆಮೇಲೆ ಒಂದೆರಡು ನಿಮಿಷ ಬಿಟ್ಟುಬಿಡಿ. ಈ ಬಿಡುವು ಕೊಡದೆ ತೆರೆದರೆ ಅರ್ಧ ಗ್ಯಾಸ್ ಗಾಳಿಪಾಲು. ಒತ್ತಡ ಬಿಡುವಾಗಲೂ ಸ್ವಲ್ಪ ಸ್ವಲ್ಪವೇ ಬಿಡಬೇಕು.

ನಿಂಬೆರಸ, ಶುಂಠಿ ಸಿರಪ್ ಎಲ್ಲ ಆಮೇಲೆ, ಲೋಟದಲ್ಲಿ. ಬಾಟಲಿಗೆ ಹಾಕೋದು ಬರೀ ನೀರು. ಹಣ್ಣಿನ ರಸದ ನಾರು ಗುಳ್ಳೆಗಳನ್ನು ಒಮ್ಮೆಲೇ ಎಬ್ಬಿಸುತ್ತದೆ, ಸಕ್ಕರೆ ನೊರೆ ಹೆಚ್ಚಿಸುತ್ತದೆ. ಮುಚ್ಚಳ ತೆಗೆದ ಕೂಡಲೇ ಎಲ್ಲಾ ಉಕ್ಕುತ್ತದೆ, ವಾಲ್ವ್ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ.

ಸುರಕ್ಷತೆಯಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕಾರ್ಟ್ರಿಡ್ಜ್ ಒಳಗೆ ಹೊರಗಿನ ಗಾಳಿಗಿಂತ 50 ಪಟ್ಟಿಗೂ ಜಾಸ್ತಿ ಒತ್ತಡ ಇರುತ್ತದೆ, ಬಿಸಿಯಾದಷ್ಟೂ ಅದು ಏರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಲೇಬಾರದು. ಸಾಮಾನ್ಯ ನೀರಿನ ಬಾಟಲಿಗೆ ಇದನ್ನು ಜೋಡಿಸುವ ಪ್ರಯತ್ನವೂ ಬೇಡ. ಕೊಳ್ಳುವಾಗ ಮೇಲೆ ಬರೆದದ್ದನ್ನು ಓದಿ: ಕ್ರೀಮ್ ನೊರೆ ಮಾಡುವ ನೈಟ್ರಸ್ ಆಕ್ಸೈಡ್ ಕಾರ್ಟ್ರಿಡ್ಜ್ ನೋಡೋಕೆ ಹೀಗೇ ಇರುತ್ತದೆ, ಅದರಿಂದ ಸೋಡಾ ಆಗೋದಿಲ್ಲ. ವಿಮಾನದಲ್ಲಿ ಹೋಗುವುದಾದರೆ ವಿಮಾನ ಕಂಪನಿಯನ್ನು ಮೊದಲೇ ಕೇಳಿ.

ವಾಪಸ್ ಬಂದಮೇಲೆ ಮುಚ್ಚಳದ ರಬ್ಬರ್ ವಾಷರ್ ತೆಗೆದು ತೊಳೆದು, ಒಣಗಿಸಿ ಇಡುತ್ತೇನೆ. ಅದು ಸೀಳಿದ್ದರೆ ಗ್ಯಾಸ್ ಸೋರುತ್ತದೆ, ಬೇರೆ ಹಾಕಿಬಿಡಬೇಕು. ಖಾಲಿ ಕಾರ್ಟ್ರಿಡ್ಜ್ ಸ್ಟೀಲಿನದು, ಗುಜರಿಗೆ ಹೋಗುತ್ತದೆ.