ಸೈಟಿಗೆ ಫೋರ್ಕ್‌ಲಿಫ್ಟ್ ಸಾಕಾ, ಟೆಲಿಹ್ಯಾಂಡ್ಲರ್ ಬೇಕಾ?

ಹರಿಹರ ರಸ್ತೆಯಲ್ಲಿ ಒಂದು ಗೋಡೌನ್ ಕೆಲಸ ನೋಡಿಕೊಳ್ಳುತ್ತಿದ್ದಾಗ, ಬಾಡಿಗೆ ಕಡಿಮೆ ಅಂತ, ಉದ್ದಕ್ಕೆ ಚಾಚುವ ತೋಳಿರುವ ಟೆಲಿಹ್ಯಾಂಡ್ಲರ್ ಬಿಟ್ಟು, ಹಳ್ಳದಿಣ್ಣೆಯಲ್ಲೂ ಓಡುವ ರಫ್ ಟೆರೇನ್ ಫೋರ್ಕ್‌ಲಿಫ್ಟ್ ತರಿಸಿದ್ದೆ. ಗೋಡೆ ಪಕ್ಕ ಪೈಪಿಗೆ ತೋಡಿದ್ದ ಟ್ರೆಂಚ್ ಇನ್ನೂ ಮುಚ್ಚಿರಲಿಲ್ಲ. ಗಾಡಿ ಎರಡು ಮೀಟರ್ ಈಚೆಗೇ ನಿಂತಿತು. ಇಟ್ಟಿಗೆ ಜೋಡಿಸಿದ ಪ್ಯಾಲೆಟ್ (ಹಲಗೆಯ ತಟ್ಟೆ) ಸ್ಲ್ಯಾಬಿನ ಎತ್ತರಕ್ಕೇನೋ ಏರಿತು, ಆದರೆ ಅಂಚಿಗೆ ಮುಟ್ಟಲೇ ಇಲ್ಲ. ಸಂಜೆವರೆಗೂ ಆಳುಗಳು ತಲೆ ಮೇಲೆ ಇಟ್ಟಿಗೆ ಹೊತ್ತರು.

ಅದಕ್ಕೇ ಗಾಡಿ ಹುಡುಕುವ ಮೊದಲು ಟೇಪ್ ಹಿಡಿಯಿರಿ. ಸಾಮಾನು ಇಳಿಸುವ ಜಾಗ ಎಷ್ಟು ಎತ್ತರ? ಗಾಡಿಯ ಮುಂದಿನ ಚಕ್ರ ಎಲ್ಲಿವರೆಗೆ ಹೋಗಬಹುದು? ಅಲ್ಲಿಂದ ಆ ಜಾಗ ಇನ್ನೆಷ್ಟು ದೂರ? ಫೋರ್ಕ್‌ಲಿಫ್ಟಿನ ಮಾಸ್ಟ್, ಅಂದರೆ ಮುಂದಿನ ನೆಟ್ಟಗಿನ ಕಂಬ, ನೇರ ಮೇಲಕ್ಕೆ ಎತ್ತುತ್ತದೆ, ಮುಂದಕ್ಕೆ ಚಾಚುವುದಿಲ್ಲ. ಟೆಲಿಹ್ಯಾಂಡ್ಲರಿನ ಬೂಮ್, ಅಂದರೆ ತೋಳು, ಮೇಲಕ್ಕೂ ಮುಂದಕ್ಕೂ ಉದ್ದವಾಗುತ್ತದೆ. ಟ್ರೆಂಚ್ ದಾಟಿಸಬೇಕು, ಎರಡನೇ ಮಹಡಿಯೊಳಗೆ ಇಡಬೇಕು ಅಂದರೆ ಟೆಲಿಹ್ಯಾಂಡ್ಲರೇ ಸರಿ. ಲಾರಿಯಿಂದ ಇಳಿಸಿ ಅಂಗಳದಲ್ಲಿ ಜೋಡಿಸುವುದಷ್ಟೇ ಕೆಲಸವಾದರೆ ಫೋರ್ಕ್‌ಲಿಫ್ಟ್ ಧಾರಾಳ ಸಾಕು, ಸುಮ್ನೆ ಜಾಸ್ತಿ ಬಾಡಿಗೆ ಕೊಡಬೇಡಿ.

ಆಮೇಲೆ ತೂಕ. ಸಿಮೆಂಟ್ ಆದರೆ ಲೆಕ್ಕ ಸುಲಭ: 50 ಕೆಜಿಯ 20 ಚೀಲಕ್ಕೆ ಒಂದು ಟನ್. ಕಂಬಿಗೆ ಎಂಎಂ ಲೆಕ್ಕದ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿ, ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿ 12 ಮೀಟರ್ ಉದ್ದವಿದ್ದರೆ ಸುಮಾರು 10.7 ಕೆಜಿ. ನೂರು ಕಂಬಿಯ ಕಟ್ಟು ಒಂದು ಟನ್ ದಾಟುತ್ತದೆ. ಪ್ಯಾಲೆಟ್ಟಿನ ತೂಕವನ್ನೂ ಕೂಡಿಸಿ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಟೆಲಿಹ್ಯಾಂಡ್ಲರ್ ಮೇಲೆ 4 ಟನ್ ಅಂತ ಬರೆದಿದ್ದರೆ, ಅದು ಬೂಮ್ ಒಳಗೆಳೆದುಕೊಂಡಿರುವಾಗಿನ ಮಾತು. ಪೂರ್ತಿ ಮುಂದಕ್ಕೆ ಚಾಚಿದಾಗ ಒಂದು ಟನ್ನೂ ಎತ್ತದ ಮಾದರಿಗಳಿವೆ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡರೆ ಹಗುರ. ಅದನ್ನೇ ಕೈ ಚಾಚಿ ಹಿಡಿದು ನೋಡಿ, ಗೊತ್ತಾಗುತ್ತದೆ. ಯಾವ ಎತ್ತರಕ್ಕೆ, ಎಷ್ಟು ದೂರಕ್ಕೆ, ಎಷ್ಟು ತೂಕ ಎಂಬ ಲೋಡ್ ಚಾರ್ಟ್ ಕ್ಯಾಬಿನ್‌ನಲ್ಲೇ ಇರುತ್ತದೆ. ಅದರ ಫೋಟೊ ಕಳಿಸಿ ಎಂದು ಬಾಡಿಗೆಯವರನ್ನು ಮೊದಲೇ ಕೇಳಿ. ಕೊಡದಿದ್ದರೆ ಬೇರೆಯವರನ್ನು ನೋಡಿ.

ನೆಲದ ವಿಚಾರಕ್ಕೆ ಬಂದರೆ, ಎರಡೂ ಗಾಡಿಗೆ ದಪ್ಪ ಟೈರುಗಳಿವೆ ನಿಜ. ಆದರೆ ನಮ್ಮ ಕಡೆಯ ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಜಾರುತ್ತದೆ. ಮಳೆ ಬಿದ್ದ ಮಾರನೇ ದಿನ ಗಾಡಿ ವಾಲದಂತೆ ನೆಲಕ್ಕೆ ಊರುವ ಟೆಲಿಹ್ಯಾಂಡ್ಲರಿನ ಸ್ಟೆಬಿಲೈಸರ್ ಕಾಲು ಹಾಗೇ ಇಳಿಬಿಟ್ಟರೆ ಮಣ್ಣಿನೊಳಗೆ ಹೂತುಕೊಳ್ಳುತ್ತದೆ. ಕೆಳಗೆ ದಪ್ಪ ಹಲಗೆ ಅಥವಾ ಕಬ್ಬಿಣದ ಪ್ಲೇಟ್ ಹಾಕಲೇಬೇಕು. ಕೆಸರು ಜಾಸ್ತಿ ಇದ್ದರೆ ಮೊದಲು ಗ್ರಾವೆಲ್ ಹಾಕಿ ಗಟ್ಟಿ ಮಾಡಿ. ಚಿತ್ರದುರ್ಗದ ಬಂಡೆ ನೆಲದಲ್ಲಿ ಕೆಸರಿನ ಕಾಟ ಕಡಿಮೆ, ಇಳಿಜಾರಿನದ್ದೇ ಚಿಂತೆ. ಗಾಡಿ ಒಂದು ಕಡೆ ವಾಲಿದ್ದಾಗ ಬೂಮ್ ಎತ್ತಿದರೆ ಭಾರವೂ ಅತ್ತಲೇ ಸರಿಯುತ್ತದೆ. ಗಾರೆಯವರು ರಸಮಟ್ಟ ಇಟ್ಟು ನೋಡುವ ಹಾಗೆ, ಕ್ಯಾಬಿನ್‌ನಲ್ಲಿರುವ ಲೆವೆಲ್ ನೋಡಿ ಗಾಡಿ ಮಟ್ಟವಾದ ಮೇಲೆಯೇ ಎತ್ತಲು ಹೇಳಿ.

ಗಾಡಿ ಬಾಡಿಗೆಗಿರುವ ದಿನಗಳಲ್ಲಿ ಬೇರೆ ಏನೇನು ಕೆಲಸ ಇದೆ ಎಂದೂ ಯೋಚಿಸಿ. ಟೆಲಿಹ್ಯಾಂಡ್ಲರಿಗೆ ಬಕೆಟ್ ಹಾಕಿದರೆ ಜಲ್ಲಿ ತುಂಬಬಹುದು, ಕೊಕ್ಕೆ ಹಾಕಿದರೆ ಚಾವಣಿಯ ಟ್ರಸ್ ಎತ್ತಬಹುದು. ಇವೆಲ್ಲ ಜೊತೆಗೇ ಬರುತ್ತವಾ, ಬೇರೆ ದುಡ್ಡಾ, ಟ್ರೇಲರ್ ಖರ್ಚು ಯಾರದ್ದು, ಡೀಸೆಲ್ ಯಾರದ್ದು, ಎಲ್ಲ ಬರೆಸಿಕೊಳ್ಳಿ. ಆದರೆ ಫೋರ್ಕ್ ಮೇಲೆ ಹಲಗೆ ಇಟ್ಟು ಜನರನ್ನು ಮಾತ್ರ ಎತ್ತಬೇಡಿ. ಅದಕ್ಕೆಂದೇ ಮಾಡಿದ ಬುಟ್ಟಿ ಬೇರೆ ಇದೆ.

ಗಾಡಿ ಬರುವ ಹಿಂದಿನ ದಿನ ಗೇಟಿನ ಅಗಲ ಅಳೆದು, ತಲೆ ಎತ್ತಿ ಕರೆಂಟ್ ವೈರ್ ಎಲ್ಲೆಲ್ಲಿ ಹಾದಿದೆ ನೋಡಿಕೊಳ್ಳಿ. ಟೆಲಿಹ್ಯಾಂಡ್ಲರಿನಲ್ಲಿ ಬೂಮ್ ಸಾಮಾನ್ಯವಾಗಿ ಆಪರೇಟರಿನ ಬಲಕ್ಕೇ ಇರುವುದರಿಂದ ಆ ಕಡೆ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಸನ್ನೆ ಮಾಡಲು ಒಬ್ಬನನ್ನು ಬೆಳಿಗ್ಗೆಯೇ ಗೊತ್ತು ಮಾಡಿ, ದಿನವಿಡೀ ಅವನಿಗೆ ಬೇರೆ ಕೆಲಸ ಹಚ್ಚಬೇಡಿ.