ಆಯಿಯ ಟ್ಯಾಬ್ ತೂಕಡಿಸಲು ಶುರು ಮಾಡಿದ್ದು

"ತಮಾ, ಇದು ಬರೀ ತಿರುಗ್ತಾ ಇದ್ದು. ಆಟ ಬತ್ತಾ ಇಲ್ಲೆ."

2015ರ ಮಳೆಗಾಲದಲ್ಲಿ ಆಯಿ, ಅಂದರೆ ನನ್ನ ಅಮ್ಮ, ಹೀಗೆ ಹೇಳಿದಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಟ ಅಂದರೆ ಯಕ್ಷಗಾನ. ತಿರುಗುತ್ತಿದ್ದದ್ದು ಟ್ಯಾಬ್ ಪರದೆ ಮೇಲಿನ ಚಕ್ರ. ಮಳೆಗೆ ನೆಟ್ ಹೋಗಿರಬೇಕು ಅಂದುಕೊಂಡೆ. ಹುಲೇಕಲ್ ಕಡೆಯ ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಕೆಟ್ಟರೂ ತಪ್ಪು ಮಳೆಯದ್ದೇ.

ನಾನು ಸಿರಸಿಯಲ್ಲಿ ದೇವಿಕೆರೆ ಹತ್ತಿರ ಸಣ್ಣದೊಂದು ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅದೇ ತಿಂಗಳು ಅಂಗಡಿಗೂ ಮೂವರು ಟ್ಯಾಬ್ ಹಿಡಿದುಕೊಂಡು ಬಂದರು. ಮೂವರದ್ದೂ ಒಂದೇ ಮಾತು: "ಅಪ್‌ಡೇಟ್ ಕೊಟ್ಟೆ, ಸತ್ತೇ ಹೋಯ್ತು." ಆಗ ನೆನಪಾಯಿತು, ಆಯಿಯ ಟ್ಯಾಬ್‌ಗೆ ಅಪ್‌ಡೇಟ್ ಕೊಟ್ಟವನು ನಾನೇ. ಪರದೆ ಮೇಲೆ ಬರುತ್ತಿದ್ದ ಸೂಚನೆಯನ್ನು ಆಯಿ ವಾರಗಟ್ಟಲೆ ಸರಿಸುತ್ತಾ ಇದ್ದರು. ಒಂದು ಭಾನುವಾರ ಊಟ ಮುಗಿಸಿ, ಇದೊಂದು ಕಿರಿಕಿರಿ ಮುಗಿದುಹೋಗಲಿ ಅಂತ ಒತ್ತಿಬಿಟ್ಟೆ. ಟ್ಯಾಬ್ ನಡೆಸುವ ಸಿಸ್ಟಮ್ ಆಂಡ್ರಾಯ್ಡ್ 4.4 ಇದ್ದದ್ದು 5.0 ಆಯಿತು. ಆ್ಯಪ್‌ಗಳನ್ನು ಒಂದೊಂದಾಗಿ ಎಣಿಸುತ್ತಾ ಸಜ್ಜು ಮಾಡುವುದಕ್ಕೇ ಅದು ಅರ್ಧ ಗಂಟೆ ತೆಗೆದುಕೊಂಡಿತು. ಆ ಎಣಿಕೆಯಲ್ಲೇ ಕಾರಣ ಇತ್ತು. ನನಗೆ ಅದು ತಿಳಿಯಲು ವರ್ಷ ಬೇಕಾಯಿತು.

4.4ರವರೆಗೆ ಆ್ಯಪ್ ನಡೆಯುವಾಗಲೇ ಅದರ ಕೋಡನ್ನು ಯಂತ್ರದ ಭಾಷೆಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿಕೊಳ್ಳುವ ಪದ್ಧತಿ ಇತ್ತು. 5.0ರಲ್ಲಿ ಆಂಡ್ರಾಯ್ಡ್ ಮಾಡುವ ಗೂಗಲ್‌ನವರು ಅದನ್ನು ಬದಲಾಯಿಸಿ, ಆ್ಯಪ್ ಹಾಕುವಾಗಲೇ ಪೂರ್ತಿ ತಿರುಗಿಸಿ ಇಟ್ಟುಕೊಳ್ಳುವಂತೆ ಮಾಡಿದರು. ದಿನಾ ಬೇಕಾದಷ್ಟೇ ಹಿಟ್ಟು ರುಬ್ಬುವ ಬದಲು ವಾರದ ಹಿಟ್ಟನ್ನು ಒಮ್ಮೆಲೇ ರುಬ್ಬಿ ಇಟ್ಟ ಹಾಗೆ. ದೋಸೆ ಬೇಗ ಆಗುತ್ತದೆ, ಸುಳ್ಳಲ್ಲ. ಆದರೆ ಹಿಟ್ಟು ಇಡಲು ಪಾತ್ರೆ ಬೇಕು, ಜಾಗ ಬೇಕು. ಆಯಿಯ ಟ್ಯಾಬ್‌ನಲ್ಲಿದ್ದದ್ದು 16 ಜಿಬಿ. ಅದರಲ್ಲಿ ನಮ್ಮ ಪಾಲಿಗೆ ಬಂದದ್ದು ಸುಮಾರು 11. ರ‍್ಯಾಮ್, ಅಂದರೆ ಆ ಹೊತ್ತಿನ ಕೆಲಸಕ್ಕೆ ಬಳಸುವ ಮೆಮೊರಿ, ಒಂದೂವರೆ ಜಿಬಿ. ಹೊಸ ಸಾಧನಗಳಿಗೆ ಲಾಭ ತಂದ ಬದಲಾವಣೆಯೇ ಈ ಚಿಕ್ಕ ಮನೆಯ ಅಟ್ಟ ತುಂಬಿಸಿತು. ಎಲ್ಲವನ್ನೂ ಒಮ್ಮೆಲೇ ರುಬ್ಬುವ ಈ ಪದ್ಧತಿಯನ್ನು 2016ರಲ್ಲಿ ಬಂದ 7.0ರಲ್ಲಿ ಅವರೇ ಸಡಿಲ ಮಾಡಿದರು. ಆ 7.0 ನಮ್ಮ ಟ್ಯಾಬ್‌ಗೆ ಬರಲೇ ಇಲ್ಲ.

ಜಾಗ ಕಡಿಮೆಯಾದರೆ ವೇಗ ಯಾಕೆ ಕಡಿಮೆ ಆಗಬೇಕು? ಗಿರಾಕಿಗಳು ಇದನ್ನು ಕೇಳಿದಾಗ ನಾನು ಅಡಿಕೆ ಅಂಗಳ ತೋರಿಸುತ್ತೇನೆ. ಅಂಗಳ ಅರ್ಧ ಖಾಲಿ ಇದ್ದರೆ ಹೊಸ ಅಡಿಕೆ ತಂದು ಸುರಿದು ಹರವಿದರೆ ಮುಗಿಯಿತು. ಅಂಗಳ ತುಂಬಿದ್ದರೆ ಒಂದು ಬುಟ್ಟಿ ಸುರಿಯಬೇಕಾದರೂ ಹಳೆಯದನ್ನು ಬಳಿದು, ಒಟ್ಟು ಮಾಡಿ, ಗುಡಿಸಿ, ಆಮೇಲೆ ಸುರಿಯಬೇಕು. ಟ್ಯಾಬ್‌ನ ಫೈಲುಗಳು ಕೂರುವ ಫ್ಲ್ಯಾಶ್ ಮೆಮೊರಿಯೂ ಹಾಗೇ. ಬರೆದ ಜಾಗದ ಮೇಲೆಯೇ ಮತ್ತೆ ಬರೆಯಲು ಅದಕ್ಕೆ ಬರುವುದಿಲ್ಲ. ಮೊದಲು ಒಂದಿಡೀ ಬ್ಲಾಕ್, ಅಂದರೆ ಜಾಗದ ಒಂದು ದೊಡ್ಡ ತುಂಡನ್ನೇ, ಅಳಿಸಬೇಕು. ಆ ಬ್ಲಾಕ್‌ನಲ್ಲಿ ಬೇಕಾದದ್ದೇನಾದರೂ ಇದ್ದರೆ ಅದನ್ನು ಬೇರೆಡೆ ಎತ್ತಿಡಬೇಕು. ತುಂಬಿದ ಟ್ಯಾಬ್‌ನಲ್ಲಿ ಒಂದು ಫೋಟೊ ಉಳಿಸಿದರೂ ಒಳಗೆ ಇಷ್ಟೆಲ್ಲ ನಡೆಯುತ್ತದೆ. ನಮಗೆ ಕಾಣುವುದು ಚಕ್ರ ಮಾತ್ರ.

ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಗೊತ್ತಿದ್ದ ಮದ್ದು ಒಂದೇ, ಫ್ಯಾಕ್ಟರಿ ರೀಸೆಟ್, ಅಂದರೆ ಒಳಗೆ ತುಂಬಿಸಿದ್ದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡುವುದು.

2016ರ ಮಾರಿಜಾತ್ರೆಗೆ ಮನೆ ತುಂಬ ನೆಂಟರು ಬಂದಿದ್ದರು. ಮಕ್ಕಳೆಲ್ಲ ಸೇರಿ ಟ್ಯಾಬ್‌ಗೆ ಆರೇಳು ಗೇಮ್ ಹಾಕಿದರು, ತೊಟ್ಟಿಲು ಹತ್ತಿದ ವಿಡಿಯೊ, ತೇರಿನ ವಿಡಿಯೊ ಎಲ್ಲ ತುಂಬಿಸಿದರು. ಅವರು ಹೋದ ಮೇಲೆ ಟ್ಯಾಬ್ ಎದ್ದೇಳಲೇ ಇಲ್ಲ ಅನ್ನಬೇಕು. ಒತ್ತಿದರೆ ಹತ್ತು ಸೆಕೆಂಡ್ ಬಿಟ್ಟು ಉತ್ತರ. ನಾನು ಫೋಟೊ, ವಿಡಿಯೊ ಎಲ್ಲ ಕಂಪ್ಯೂಟರಿಗೆ ಹಾಕಿಕೊಂಡು ರೀಸೆಟ್ ಕೊಟ್ಟೆ. ಮರುದಿನ ಆಯಿ ಕೇಳಿದರು: "ತಮಾ, ನನ್ನ ಹಾಡೆಲ್ಲಿ?"

ಆಯಿ ಮದುವೆ, ಉಪನಯನಗಳಲ್ಲಿ ಹಾಡು ಹೇಳುತ್ತಾರೆ. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಹೀಗೆ. ಮರೆತುಹೋಗುತ್ತದೆ ಅಂತ ಟ್ಯಾಬ್‌ನ ರೆಕಾರ್ಡರ್‌ನಲ್ಲಿ ಒಂದೊಂದೇ ಹೇಳಿ ಇಟ್ಟಿದ್ದರು, 31 ಹಾಡು. ಅವು ಇದ್ದದ್ದು ಬೇರೆ ಫೋಲ್ಡರಿನಲ್ಲಿ. ನಾನು ನೋಡಿಯೇ ಇರಲಿಲ್ಲ. ಜಾತ್ರೆಯಲ್ಲಿ ಚಿಕ್ಕಮ್ಮ ತನ್ನ ಫೋನಿಗೆ ಬ್ಲೂಟೂತ್‌ನಲ್ಲಿ ಹಾಕಿಕೊಂಡಿದ್ದ 8 ಸಿಕ್ಕವು. ಉಳಿದ 23 ಹೋದವು. ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಾಗಿಯೂ ರೀಸೆಟ್‌ನಿಂದ ವೇಗ ಬಂದದ್ದು ನಾಲ್ಕೇ ದಿನ. ಯಾಕೆಂದರೆ ರೀಸೆಟ್ ಹಳೇ 4.4 ತಂದುಕೊಡುವುದಿಲ್ಲ, ಈಗಿರುವ 5.0ನ್ನೇ ಖಾಲಿ ಮಾಡಿ ಕೊಡುತ್ತದೆ. ಮೇಲಿಂದ ಆ್ಯಪ್‌ಗಳೆಲ್ಲ ಪ್ಲೇ ಸ್ಟೋರಿನಿಂದ ಹೊಸ ಆವೃತ್ತಿಗಳಾಗಿಯೇ ಬಂದು ಕೂತವು. ಜನ ಬೈಯುವುದು ಸಿಸ್ಟಮ್ ಅಪ್‌ಡೇಟನ್ನು. ಅದು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ. ಆ್ಯಪ್‌ಗಳ ಅಪ್‌ಡೇಟ್ ವಾರ ವಾರ ಸದ್ದಿಲ್ಲದೆ ಬರುತ್ತದೆ, ಪ್ರತಿ ಸಲ ಸ್ವಲ್ಪ ಸ್ವಲ್ಪ ದಪ್ಪ ಆಗಿ. ಅದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಆಮೇಲೆ ನಿಧಾನಕ್ಕೆ ಕೂತು ನೋಡಿದೆ. ಆಯಿಯ ದೂರು ಯಾವಾಗಲೂ ಬೆಳಿಗ್ಗೆಯದ್ದು. ತಿಂಡಿ ಮುಗಿಸಿ ಏಳೂವರೆಗೆ ಹಾಕಿದರೆ ತಿರುಗುತ್ತದೆ. ಮಧ್ಯಾಹ್ನ ನಾನು ನೋಡಿದರೆ ಅಷ್ಟೇನೂ ತೊಂದರೆ ಇಲ್ಲ. ಇದೆಂಥದು ಮಾರಾಯಾ ಅಂತ ಒಂದು ದಿನ ಬೆಳಿಗ್ಗೆ ಆಯಿಯ ಪಕ್ಕದಲ್ಲೇ ಕೂತೆ. ಆಯಿ ಟ್ಯಾಬನ್ನು ಕಪಾಟಿನಿಂದ ತೆಗೆದು, ಪವರ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರು. ದಿನಾ ರಾತ್ರಿ ಸ್ವಿಚ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬಟ್ಟೆ ಸುತ್ತಿ ಇಡುತ್ತಿದ್ದರಂತೆ. ಸಿಡಿಲಿಗೆ ಮನೆಯಲ್ಲಿ ಒಂದು ಟಿವಿ, ಎರಡು ಮೋಡೆಮ್ ಹೋಗಿದ್ದವು. ಅವರ ಭಯಕ್ಕೆ ಕಾರಣ ಇತ್ತು.

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಈಗ ಏನೇನು ನಡೆಯುತ್ತಿದೆ ಅಂತ ನೋಡಿದೆ. ಮೇಲ್ ಬರುತ್ತಿದೆ, ಫೋಟೊಗಳ ಎಣಿಕೆ ಆಗುತ್ತಿದೆ, ನಾಲ್ಕು ಆ್ಯಪ್‌ಗಳ ಅಪ್‌ಡೇಟ್ ಇಳಿಯುತ್ತಿದೆ, ಇಳಿದದ್ದು ಮತ್ತೆ "ರುಬ್ಬಿ" ಇಡಲಾಗುತ್ತಿದೆ. ಬೇರೆಯವರ ಟ್ಯಾಬ್ ಇದನ್ನೆಲ್ಲ ರಾತ್ರಿ ಚಾರ್ಜ್‌ಗೆ ಹಾಕಿ ಬಿಟ್ಟಾಗ ಮಾಡಿ ಮುಗಿಸುತ್ತದೆ. ಅಳಿಸಿದ ಫೈಲುಗಳ ಜಾಗ ಗುಡಿಸಿಡುವ ಕೆಲಸವೂ ಹೆಚ್ಚಾಗಿ ಆಗಲೇ ನಡೆಯುವುದು. ಆಯಿಯ ಟ್ಯಾಬ್‌ಗೆ ರಾತ್ರಿಯೇ ಇಲ್ಲ. ಎಲ್ಲ ಕೆಲಸ ಬೆಳಿಗ್ಗೆ ಏಳೂವರೆಗೆ, ಸರಿಯಾಗಿ ಭಾಗವತರು ಬಾಯಿ ತೆರೆಯುವ ಹೊತ್ತಿಗೆ.

ಇಷ್ಟು ತಿಳಿದ ಮೇಲೆ ನಾನು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಮೊದಲು ಟ್ಯಾಬನ್ನು ಕಂಪ್ಯೂಟರಿಗೆ ಹಾಕಿ ಒಳಗಿನ ಎಲ್ಲ ಫೋಲ್ಡರುಗಳನ್ನೂ ಇದ್ದ ಹಾಗೇ ಎತ್ತಿಟ್ಟೆ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲು ಹೋಗಲಿಲ್ಲ. ಒಮ್ಮೆ ಆರಿಸಿ 23 ಹಾಡು ಕಳೆದವನು ನಾನು. ಸ್ಟೋರಿನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದೆ. ಗೇಮ್ ಎಲ್ಲ ತೆಗೆದೆ. ಟ್ಯಾಬ್ ಜೊತೆಯಲ್ಲೇ ಬಂದ, ತೆಗೆಯಲು ಬಾರದ ಆ್ಯಪ್‌ಗಳನ್ನು ಡಿಸೇಬಲ್ ಮಾಡಿದೆ. ಅಂಥವುಗಳಲ್ಲಿ ಅಪ್‌ಡೇಟ್ ಮಾತ್ರ ಅನ್‌ಇನ್‌ಸ್ಟಾಲ್ ಮಾಡುವ ದಾರಿಯೂ ಇರುತ್ತದೆ. ಒತ್ತಿದರೆ ಆ್ಯಪ್ ಟ್ಯಾಬ್‌ನ ಸಿಸ್ಟಮ್ ಜೊತೆ ಬಂದ ಮೂಲ ಆವೃತ್ತಿಗೆ ಹೋಗುತ್ತದೆ. ಒಂದೂವರೆ ಜಿಬಿಯಷ್ಟು ಜಾಗ ಅದರಿಂದಲೇ ಬಂತು. ಒಟ್ಟು 4 ಜಿಬಿ ಖಾಲಿ ಆಯಿತು.

ಇನ್ನೊಂದು ಸಣ್ಣ ಉಪಾಯ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಬಿಲ್ಡ್ ನಂಬರ್ ಅಂತ ಇರುತ್ತದೆ. ಅದನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಆ್ಯನಿಮೇಷನ್‌ನ ಮೂರು ಸಾಲುಗಳಿವೆ, ಪರದೆ ತೆರೆದು ಮುಚ್ಚುವಾಗಿನ ಚಲನೆ ಎಷ್ಟು ಹೊತ್ತು ಇರಬೇಕು ಅಂತ ಹೇಳುವಂಥವು. ಮೂರನ್ನೂ 0.5 ಮಾಡಿದೆ. ಇದರಿಂದ ಟ್ಯಾಬ್‌ಗೆ ಬಲವೇನೂ ಬರುವುದಿಲ್ಲ, ಕಾಯುವುದು ಕಡಿಮೆ ಆದ ಹಾಗೆ ಅನಿಸುತ್ತದೆ ಅಷ್ಟೇ. ಆಯಿಗೆ ಮಾತ್ರ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದೇ!

ರಾತ್ರಿ ಆಫ್ ಮಾಡಬೇಡಿ ಅಂತ ಒಪ್ಪಿಸಲು ಒಂದು ವಾರ ಹಿಡಿಯಿತು. ಒಪ್ಪಂದ ಏನೆಂದರೆ, ಗುಡುಗು ಇಲ್ಲದ ರಾತ್ರಿ ಚಾರ್ಜ್‌ಗೆ ಹಾಕಿ ಬಿಡುವುದು, ಗುಡುಗಿದರೆ ಪ್ಲಗ್ ಕೀಳುವುದು, ಆದರೆ ಸ್ವಿಚ್ ಆಫ್ ಮಾಡದೇ ಇರುವುದು. ಮೊದಲು ಆನ್ ಮಾಡಿ ಆಟ ಶುರುವಾಗಲು ನಾಲ್ಕು ನಿಮಿಷ ಬೇಕಿತ್ತು. ಆಮೇಲೆ ಒಂದು ನಿಮಿಷದೊಳಗೆ ಚೆಂಡೆ ಕೇಳತೊಡಗಿತು.

ಅಂಗಡಿಗೆ ಬರುವವರೆಲ್ಲ ಕೇಳುವ ಪ್ರಶ್ನೆ ಒಂದಿದೆ: "ಹೊಸದು ಕೊಳ್ಳಲಿ ಅಂತ ಬೇಕಂತಲೇ ಹೀಗೆ ಮಾಡ್ತಾರೆ, ಅಲ್ವಾ?" ಈ ಸಂಶಯ ಪೂರ್ತಿ ಆಧಾರ ಇಲ್ಲದ್ದಲ್ಲ. ಹಳೇ ಬ್ಯಾಟರಿಯ ಐಫೋನ್‌ಗಳು ತಟ್ಟನೆ ಆಫ್ ಆಗದಿರಲಿ ಎಂದು ಅವುಗಳ ವೇಗ ತಗ್ಗಿಸುತ್ತಿದ್ದೆವು ಅಂತ ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ನಿಯಂತ್ರಣ ಸಂಸ್ಥೆ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಹಳೇ ಫೋನ್‌ಗಳಿಗೆ ಭಾರದ ಅಪ್‌ಡೇಟ್ ಕೊಟ್ಟು, ಹಿಂದಕ್ಕೆ ಹೋಗುವ ದಾರಿ ಸರಿಯಾಗಿ ಕೊಡಲಿಲ್ಲ ಎಂಬುದು ಆರೋಪ. ಅವು ಫೋನಿನ ಕಥೆ, ಟ್ಯಾಬ್‌ನದಲ್ಲ. ನಾನು ರಿಪೇರಿ ಮಾಡಿದ ಟ್ಯಾಬ್‌ಗಳಲ್ಲಿ ಬೇಕಂತ ಮಾಡಿದ್ದು ಅಂತ ನನಗೆ ಯಾವುದೂ ಕಾಣಲಿಲ್ಲ. ಕಂಡದ್ದು ಉದಾಸೀನ. ಹೊಸ ಸಾಧನ ಮೇಜಿನ ಮೇಲೆ ಇಟ್ಟುಕೊಂಡು ಆ್ಯಪ್ ಬರೆಯುವವನಿಗೆ ನಮ್ಮ ಆಯಿಯ ಒಂದೂವರೆ ಜಿಬಿ ರ‍್ಯಾಮ್ ನೆನಪಾಗುವುದಿಲ್ಲ.

ಅಪ್‌ಡೇಟೇ ಬೇಡ ಅಂತ ಕೂರುವುದೂ ಆಗುವುದಿಲ್ಲ ಎಂದು ಗೊತ್ತಾದದ್ದು 2024ರಲ್ಲಿ. ಕೆಲವು ಜಾಲತಾಣಗಳು ತೆರೆಯದೆ, ಸುರಕ್ಷಿತವಲ್ಲ ಅಂತ ತೋರಿಸತೊಡಗಿದವು. ಕೋಟ್ಯಂತರ ಜಾಲತಾಣಗಳಿಗೆ, ಇದು ಅಸಲಿ ತಾಣವೇ ಎಂದು ಸಹಿ ಹಾಕಿದ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಹಿ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಸಾಧನಗಳಿಗೆ ಗುರುತೇ ಇಲ್ಲ. ಬೇರೆ ಹಳೇ ಸಹಿಯೊಂದರ ಆಸರೆಯಲ್ಲಿ ಅಲ್ಲಿಯವರೆಗೆ ನಡೆಯುತ್ತಿತ್ತು. ಆ ಸೆಪ್ಟೆಂಬರ್‌ಗೆ ಅದೂ ಮುಗಿಯಿತು. ಫೈರ್‌ಫಾಕ್ಸ್ ಬ್ರೌಸರ್ ತನಗೆ ಬೇಕಾದ ಸಹಿಗಳ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. ಅದನ್ನು ಹಾಕಿದೆ. ಎದ್ದೇಳಲು ಹೊತ್ತು ಮಾಡುತ್ತದೆ, ಆದರೆ ತೆರೆಯುತ್ತದೆ.

ಆ ಹೊತ್ತಿಗೆ ಹಳೇ ವಿಡಿಯೊ ಆ್ಯಪ್ ಕೂಡ ಹೊಸ ಆವೃತ್ತಿ ಬೇಕು ಅಂತ ಮುಷ್ಕರ ಹೂಡಿತ್ತು. ಹೊಸದು ಈ ಟ್ಯಾಬ್‌ಗೆ ಸಿಗುವುದಿಲ್ಲ. ಹಾಗಾಗಿ ಟ್ಯಾಬ್‌ನ ಕೆಲಸವನ್ನೇ ಬದಲಾಯಿಸಿದೆ. ನಮ್ಮ ಮನೆಯಲ್ಲಿ, ನೆಂಟರ ಮನೆಗಳಲ್ಲಿ ಆದ ತಾಳಮದ್ದಳೆಗಳ ರೆಕಾರ್ಡಿಂಗ್ ನನ್ನ ಹತ್ತಿರ ಬೇಕಾದಷ್ಟಿವೆ. ಕಂಪ್ಯೂಟರಿನಲ್ಲಿ ಅವನ್ನು ಎಚ್.264 ಅನ್ನುವ ಹಳೇ ವಿಡಿಯೊ ಮಾದರಿಗೆ, 480ಪಿ ಅನ್ನುವ ಸಣ್ಣ ಚಿತ್ರದ ಅಳತೆಗೆ ಇಳಿಸಿ ಮೆಮೊರಿ ಕಾರ್ಡ್‌ಗೆ ತುಂಬಿಸಿದೆ. ಈಗಿನ ಹೊಸ ವಿಡಿಯೊ ಮಾದರಿಗಳನ್ನು ಬಿಡಿಸುವ ಚಿಪ್ ಹಳೇ ಟ್ಯಾಬ್‌ಗಳಲ್ಲಿ ಇಲ್ಲ. ಪ್ರೊಸೆಸರ್ ತಾನೇ ಹೆಣಗಿ ಬಿಸಿಯಾಗುತ್ತದೆ. ಎಚ್.264 ಅದಕ್ಕೆ ಸಲೀಸು. ಎಂಟು ಇಂಚಿನ ಪರದೆಗೆ 480ಪಿ ಧಾರಾಳ. ವಿಎಲ್‌ಸಿ ಅನ್ನುವ ವಿಡಿಯೊ ಆ್ಯಪ್‌ನಲ್ಲಿ ಒತ್ತಿದ ಕೂಡಲೇ ಶುರು. ಕರೆಂಟ್ ಹೋಗಲಿ, ನೆಟ್ ಹೋಗಲಿ, ಅರ್ಥಗಾರಿಕೆ ನಿಲ್ಲುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತ ಟ್ಯಾಬ್‌ನಲ್ಲಿ ಬ್ಯಾಂಕ್, ಯುಪಿಐ ಯಾವುದೂ ಇರಬಾರದು. ಗಿರಾಕಿ ಬೇಕು ಅಂದರೂ ನಾನು ಹಾಕಿಕೊಡುವುದಿಲ್ಲ. ಕಂಪನಿ ಕೊಟ್ಟದ್ದು ಬಿಟ್ಟು ಬೇರೆಯವರು ಬರೆದ ಸಿಸ್ಟಮ್ ಹಾಕಿ ಹೊಸದು ಮಾಡಿ ಅನ್ನುವವರೂ ಇದ್ದಾರೆ. ಒಮ್ಮೆ ಒಬ್ಬರ ಟ್ಯಾಬ್‌ಗೆ ಹಾಕಿಕೊಟ್ಟೆ. ಓಡಿತು, ಆದರೆ ಕ್ಯಾಮೆರಾ ಹೋಯಿತು. ಮೊಮ್ಮಗಳ ಜೊತೆ ವಿಡಿಯೊ ಕರೆಗೆ ಅಂತಲೇ ಅವರು ಆ ಟ್ಯಾಬ್ ಇಟ್ಟುಕೊಂಡಿದ್ದರು. ಆಮೇಲೆ ಆ ಉಸಾಬರಿಗೆ ಹೋಗಿಲ್ಲ.

ಆಯಿಯ ಟ್ಯಾಬ್‌ನ ಬ್ಯಾಟರಿ ಒಮ್ಮೆ ಉಬ್ಬಿತ್ತು, ಬದಲಾಯಿಸಿದ್ದೇನೆ. ಕಳೆದುಹೋದ 23 ಹಾಡುಗಳಲ್ಲಿ 14ನ್ನು ಆಯಿ ಮತ್ತೆ ಹೇಳಿದ್ದಾರೆ. ಈಗ ಅವು ಮೆಮೊರಿ ಕಾರ್ಡ್‌ನಲ್ಲಿ, ನನ್ನ ಕಂಪ್ಯೂಟರಿನಲ್ಲಿ, ಚಿಕ್ಕಮ್ಮನ ಮನೆಯ ಪೆನ್‌ಡ್ರೈವ್‌ನಲ್ಲಿ, ಹೀಗೆ ಮೂರು ಕಡೆ ಇವೆ. ಇನ್ನೂ 9 ಬಾಕಿ. ಮಳೆಗಾಲದಲ್ಲಿ ಗಂಟಲು ಏಳುವುದಿಲ್ಲ, ದೀಪಾವಳಿ ಕಳೆಯಲಿ ಅಂದಿದ್ದಾರೆ.